ಟೆಸ್ಟ್‌ಟ್ಯೂಬಿನಲ್ಲಿ ಎಂಜಲು

ತೊಂಬತ್ತರ ದಶಕದಲ್ಲಿ ನಾನು ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಜೀರ್ಣಕ್ರಿಯೆ ಪಾಠ ಬಂತು ಅಂದರೆ ಏನಾದರೊಂದು ಎಡವಟ್ಟು ಆಗಲೇಬೇಕು. ಹಾಗಂತ ನಾನು ಪಾಠ ಬಿಟ್ಟವನಲ್ಲ.

೧. ಇಡ್ಲಿಯ ಮಾನ

ಗಂಜಿತಿಳಿಗೆ ಅಯೋಡಿನ್ ಹಾಕಿದರೆ ನೀಲಿ. ಎಂಜಲು ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ನೀಲಿ ಇಲ್ಲ. ಎಂಜಲಿನ ಕಿಣ್ವ ಅಷ್ಟರಲ್ಲಿ ಪಿಷ್ಟವನ್ನ ಸಕ್ಕರೆ ಮಾಡಿರುತ್ತೆ. ಮಕ್ಕಳ ಕೈಲೇ ಮಾಡಿಸ್ತೀನಿ ಅಂದೆ.

ಮರುದಿನ ಉಡುಪಿ ಹೋಟೆಲಿನ ಮಾಲೀಕರು ಹಾಜರು. ಅವರ ಮಗಳು ನನ್ನ ಕ್ಲಾಸು.

"ಎಂಜಲು ಮುಟ್ಟಿದ್ರೆ ಕೈ ತೊಳಿ ಅಂತ ನಾವು ಕಲಿಸಿದ್ದು. ನೀವು ಅದನ್ನೇ ತುಂಬಿಸಿ ಇಡ್ತೀರಲ್ಲ ಮಾರಾಯ್ರೆ?"

"ನಿಮ್ಮ ಇಡ್ಲಿ ಕರಗೋಕೆ ಶುರುವಾಗೋದೇ ಎಂಜಲಿಂದ."

"ನಮ್ಮ ಇಡ್ಲಿ ತನ್ನಷ್ಟಕ್ಕೇ ಕರಗ್ತದೆ," ಅಂದು ಎದ್ದು ಹೋದರು.

೨. ಪನೀರು ಮಾಯ

ಜಠರದಲ್ಲಿ ಪ್ರೋಟೀನ್ ಒಡೆಯೋ ಕಿಣ್ವ ಇದೆಯಲ್ಲ, ಅಂಥದ್ದೇ ಒಂದು ಹಸಿ ಪಪ್ಪಾಯಿಯಲ್ಲೂ ಇದೆ. ತೋರಿಸೋಕೆ ಬೇಯಿಸಿದ ಮೊಟ್ಟೆ ತಂದೆ. "ಮೊಟ್ಟಿ ಸಾಲ್ಯಾಗ ಬ್ಯಾಡ್ರಿ," ಅಂದರು ವಿಜಾಪುರದ ನಮ್ಮ ಹೆಡ್‌ಮಾಸ್ತರು. ಸರಿ, ಪನೀರಿಗೆ ಪಪ್ಪಾಯಿ ತುರಿ ಕಲಸಿ ಅವರ ಕೋಣೆಯಲ್ಲೇ ಇಟ್ಟೆ. ಮಧ್ಯಾಹ್ನ ನೋಡಿದರೆ ಬಟ್ಟಲು ಖಾಲಿ. ಪೂರ್ತಿ ಕರಗಿದೆ ಅಂತ ಕ್ಲಾಸಿಗೆ ಖುಷಿಯಿಂದ ಹೇಳ್ತಿದ್ದೆ. ಬಾಗಿಲಲ್ಲಿ ಹೆಡ್‌ಮಾಸ್ತರು.

"ಪಚಡಿ ಛಲೋ ಇತ್ರಿ ಮಾಸ್ತರ. ಉಪ್ಪೊಂದು ಕಡಿಮಿ."

ಪ್ರೋಟೀನ್ ಒಡೆದದ್ದು ನಿಜ. ಜಠರ ಮಾತ್ರ ಅವರದ್ದು.

೩. ಬಾಯಿ ಒಣಗಿದಾಗ

ಠಾಣೆ ಜಿಲ್ಲೆಯ ಶಿಕ್ಷಣ ಕಚೇರಿಯಿಂದ ಶಾಲಾ ಇನ್‌ಸ್ಪೆಕ್ಟರ್ ಬಂದರು. ಪ್ರಯೋಗ ಮೆಚ್ಚಿದರೆ ಶಾಲೆಗೆ ಲ್ಯಾಬು. ಇಲ್ಲದಿದ್ದರೆ ಮಕ್ಕಳು ಚಿತ್ರ ನೋಡಿಯೇ ವಿಜ್ಞಾನ ಕಲಿಯಬೇಕು.

ನಾನು ಎಂಜಲಿನ ಪ್ರಯೋಗವನ್ನೇ ಹಿಡಿದೆ. ಆದರೆ ಹೆದರಿಕೆಗೆ ಒಬ್ಬರ ಬಾಯಲ್ಲೂ ಹನಿ ಇಲ್ಲ.

"ಚಿತ್ರಾ ತೋರಿಸಿ ಮುಗಸ್ರಿ," ಅಂತ ಹೆಡ್‌ಮಾಸ್ತರು ಪಿಸುಗುಟ್ಟಿದರು.

"ಇಲ್ಲ ಸರ್. ಸಂಜೆಯಾದರೂ ಉಗುಳಿಸಿಯೇ ಬಿಡೋದು."

ಅಷ್ಟರಲ್ಲಿ ಹೋಟೆಲ್ ಮಾಲೀಕರು ಇನ್‌ಸ್ಪೆಕ್ಟರಿಗೆ ಅಂತ ಬಿಸಿ ವಡೆ ಸಾಂಬಾರ್ ತಗೊಂಡು ಒಳಗೆ ಬಂದರು. ಘಮ ಹರಡಿತು. ಇಡೀ ಕ್ಲಾಸು ಗುಟುಕ್ ಅಂತ ನುಂಗಿತು. "ನುಂಗಬೇಡಿ," ಅಂದೆ. ಮೊದಲು ಎದ್ದು ಬಂದವಳು ಮಾಲೀಕರ ಮಗಳು. ಅಪ್ಪನ ಮುಖ ನೋಡಲಿಲ್ಲ, ಗಂಜಿತಿಳಿಯ ಟ್ಯೂಬಿಗೆ ಉಗುಳಿದಳು. ಅಪ್ಪ ತಟ್ಟೆ ಹಿಡಿದುಕೊಂಡೇ ಕಲ್ಲಾದರು.

ಕಾದು ಅಯೋಡಿನ್ ಬಿಟ್ಟೆವು. ಬೇರೆ ಮಕ್ಕಳ ಟ್ಯೂಬಿನಲ್ಲಿ ಇನ್ನೂ ತೆಳು ನೀಲಿ. ಅವಳದ್ದರಲ್ಲಿ ಚೂರೂ ಇಲ್ಲ. ಇನ್‌ಸ್ಪೆಕ್ಟರ್ "ವಾಹ್" ಅಂದರು, ಲ್ಯಾಬಿಗೆ ಸಹಿ ಹಾಕಿದರು.

ಮಾಲೀಕರು ತಟ್ಟೆ ಕೆಳಗಿಟ್ಟರು. ಆ ಟ್ಯೂಬನ್ನ ತಾವೇ ಎತ್ತಿ, ಬೆಳಕಿಗೆ ಹಿಡಿದು ಇನ್‌ಸ್ಪೆಕ್ಟರಿಗೆ ತೋರಿಸಿದರು.

"ನಮ್ಮ ಮನೆಯದ್ದು ಸಾಹೇಬ್ರೆ. ಪ್ಯೂರ್ ವೆಜ್."