ಜಪಾನಿ ಕಾರಿಗೆ ಐದು ‘ಯಾಕ’

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ಕಾರಿನ ತಪ್ಪು ಎಳ್ಳಷ್ಟೂ ಇಲ್ಲ. ಅದು ಜಪಾನಿನ ಒಂದು ಹೆಸರಾಂತ ಕಂಪನಿಯ ಕಾರು. ಹೆಸರು ಹೇಳುವುದಿಲ್ಲ. ಸಮುದ್ರದಾಚೆ ಮರ್ಯಾದೆಯಿಂದ ಬಾಳುತ್ತಿರುವವರ ಹೆಸರು ನನ್ನ ಹೆಸರಿನ ಜೊತೆ ಸೇರಿ ಯಾಕೆ ಕೆಡಬೇಕು?

ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಇತಿಹಾಸದ ಮಾಸ್ತರನಾದವನು ಕಾರು ಕೊಳ್ಳುವಾಗ ಬೇರೆಯವರಂತೆ ಮೈಲೇಜು ಕೇಳಿ ಸುಮ್ಮನಾಗುವುದಿಲ್ಲ, ಕಂಪನಿಯ ವಂಶಾವಳಿ ಓದುತ್ತಾನೆ. ನಾನು ಎರಡು ತಿಂಗಳು ಓದಿದೆ. ಆ ಮನೆತನದ ಮೂಲಪುರುಷ ಹೆಸರು ಮಾಡಿದ್ದು ಕಾರಿನಿಂದಲ್ಲ, ಮಗ್ಗದಿಂದ. ನೂಲು ಹರಿದ ಕೂಡಲೇ ತಾನಾಗಿಯೇ ನಿಂತುಬಿಡುವ ಮಗ್ಗ. ತಪ್ಪಾಗಿದೆ ಎಂದು ಗೊತ್ತಾದ ಮೇಲೆ ಒಂದು ಗೇಣೂ ಮುಂದೆ ಹೋಗಬಾರದು, ಇದು ಆ ಮನೆಯ ಧರ್ಮ. ಮಗನ ಕಾಲಕ್ಕೆ ಕಾರು ಬಂತು. ಧರ್ಮ ಮಾತ್ರ ಅದೇ ಉಳಿಯಿತು. ಅವರ ಕಾರ್ಖಾನೆಯಲ್ಲಿ ಏನಾದರೂ ಕೆಟ್ಟರೆ ಯಾರನ್ನೂ ಬೈಯುವುದಿಲ್ಲವಂತೆ. ಐದು ಸಲ ‘ಯಾಕೆ’ ಎಂದು ಕೇಳುತ್ತಾರಂತೆ. ಒಂದು ಉತ್ತರ ಬಂದರೆ ಆ ಉತ್ತರಕ್ಕೆ ಮತ್ತೊಂದು ಯಾಕೆ. ಐದನೆಯದಕ್ಕೆ ದೋಷದ ಬೇರು ಕೈಗೆ ಸಿಗುತ್ತದಂತೆ.

ಈ ಐದು ಯಾಕೆಗಳನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಕಟಿಂಗ್ ಅಂಗಡಿಯಲ್ಲಿ ಹೇಳಿದೆ. ಹಾಲು ಹಾಕುವವನನ್ನು ನಿಲ್ಲಿಸಿಕೊಂಡು ಹೇಳಿದೆ. ನನ್ನ ಹೆಂಡತಿ ಕಸ್ತೂರಿಗೆ ಐದು ಬೇಕಾಗಲಿಲ್ಲ, ಒಂದೇ ಕೇಳಿದಳು.

“ಬಸ್ ಇದ್ದಾಗ ಗಾಡಿ ಯಾಕರಿ?”

ಕಾರು ಕೊಂಡವರ ಒಂದು ವಾಟ್ಸಾಪ್ ಗುಂಪಿಗೂ ಸೇರಿಕೊಂಡೆ. ಅಲ್ಲಿ ದಿನಾ ಬೆಳಿಗ್ಗೆ ಭಜನೆ. ಒಬ್ಬರು ಬರೆದಿದ್ದರು: ‘ನನ್ನ ಗಾಡಿಗೂ ನನ್ನ ಹಿರಿಮಗನಿಗೂ ಒಂದೇ ವಯಸ್ಸು. ಇಬ್ಬರಲ್ಲಿ ತಂಟೆ ಕೊಟ್ಟವನು ಮಗ ಮಾತ್ರ.’ ಇನ್ನೊಬ್ಬರು ಬಾನೆಟ್ ತೆರೆಯುವುದು ಹೇಗೆಂದೇ ತಮಗೆ ತಿಳಿಯದು, ತಿಳಿಯುವ ಪ್ರಸಂಗ ಬರಲಿಲ್ಲ ಎಂದಿದ್ದರು. ಅದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಕೊಂಡೇಬಿಟ್ಟೆ. ಹಳೆಯದೇ, ಆದರೆ ಗೇರು ತಾನೇ ಬದಲಾಗುತ್ತದೆ. ಚಾವಿ ತಿರುವುವ ಕೆಲಸವಿಲ್ಲ, ಗುಂಡಿ ಒತ್ತಿದರೆ ಇಂಜಿನ್ ಸುರು. ಮಾರಿದವರು ಇದ್ದ ಒಂದೇ ಚಾವಿಯನ್ನು ನನ್ನ ಕೈಗಿಟ್ಟು, “ಸರ್, ಚಾವಿ ಗಾಡಿಯೊಳಗ ಎಲ್ಲಿದ್ರೂ ಸಾಕು, ಬರೇ ಗುಂಡಿ ಒತ್ರಿ” ಎಂದಿದ್ದರು. ನಾನು ಆ ಮಾತಿನ ಕೊನೆಯ ಅರ್ಧವನ್ನಷ್ಟೇ ನೆನಪಿಟ್ಟುಕೊಂಡೆ.

ಕಾರು ಬಂದ ಎಂಟೇ ದಿನಕ್ಕೆ ಡಾಬಕಾದಲ್ಲಿ ಅಕ್ಕನ ಮಗಳು ಅಶ್ವಿನಿಯ ಮದುವೆ. ಡಾಬಕಾ ಔರಾದಿನ ಆಚೆ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಹೊಲ ಮನೆ ನೋಡಿಕೊಂಡು ಮಗಳನ್ನು ಓದಿಸಿದವಳು. ತವರು ಎಂದರೆ ಅವಳಿಗೆ ನಾನೊಬ್ಬನೇ. ಸೋದರಮಾವ ತಂದ ಸೀರೆಯನ್ನು ಉಟ್ಟು, ಸೋದರಮಾವನ ಕೈ ಹಿಡಿದು ಹುಡುಗಿ ಮಂಟಪಕ್ಕೆ ಬರಬೇಕು. ನಮ್ಮಲ್ಲಿ ಅದು ಪದ್ಧತಿ. ಅಕ್ಕ ಫೋನಿನಲ್ಲಿ ಹೇಳಿದ್ದಳು, “ತಮ್ಮಾ, ನೀ ಬಂಗಾರ ತರಬ್ಯಾಡ, ಭಾಂಡೆ ಸಾಮಾನು ತರಬ್ಯಾಡ. ಸೀರಿ ತಗೊಂಡು ಹೊತ್ತಿಗಿ ಸರಿಯಾಗಿ ಬಾ. ಬೀಗರ ಮುಂದ ನನಗೂ ಒಂದು ತವರು ಅದ ಅಂತ ಕಾಣ್ಲಿ.” ಹನ್ನೆರಡೂವರೆಗೆ ಅಕ್ಷತೆ.

ಕಸ್ತೂರಿ ಹಿಂದಿನ ದಿನವೇ ಬಸ್ಸಿಗೆ ಹೋಗೋಣ ಎಂದಳು. ಜಪಾನಿ ಕಾರು ಅಂಗಳದಲ್ಲಿ ನಿಂತಿರುವಾಗ ಬಸ್ಸಿಗೆ ಹೋಗುವುದು ಆ ಮಗ್ಗದವರಿಗೆ ಮಾಡಿದ ಅಪಮಾನ ಎಂದು ನಾನು ಹೇಳಿದೆ.

ಮದುವೆಯ ದಿನ ಬೆಳಿಗ್ಗೆ ಕಾರಿಗೆ ಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ವಿಭೂತಿ. ಚಾವಿಗೂ ಪೂಜೆಯಾಗಲೆಂದು ಅದನ್ನು ನಾನೇ ತಟ್ಟೆಯಲ್ಲಿಟ್ಟೆ. ಒಳಗೆ ಸೂಕ್ಷ್ಮವಾದ ಯಂತ್ರವಿದೆ, ನೀರು ತಾಗಬಾರದೆಂದು ತಟ್ಟೆಯಲ್ಲಿದ್ದ ಕುಬಸದ ಖಣದ, ಅಂದರೆ ರವಿಕೆ ಬಟ್ಟೆಯ, ಮಡಿಕೆಯೊಳಗೆ ಜೋಪಾನವಾಗಿ ತುರುಕಿದೆ. ಇಷ್ಟು ಮುಂದಾಲೋಚನೆ ನಾನು ಜೀವನದಲ್ಲಿ ಮತ್ತೆಂದೂ ಮಾಡಿಲ್ಲ.

ಕಸ್ತೂರಿಯ ತಂಗಿ ಸುನಂದಾ ನಾಲ್ಕು ದಿನದಿಂದ ನಮ್ಮ ಮನೆಯಲ್ಲಿದ್ದಳು. ಅಂದು ಭಾಲ್ಕಿಗೆ, ತನ್ನ ಮನೆಗೆ ಹೊರಟಿದ್ದಳು. ಹೊರಟ ಹೆಣ್ಣುಮಗಳಿಗೆ ಉಡಿ ತುಂಬದೆ ಕಳಿಸುವುದುಂಟೆ? ಕಸ್ತೂರಿ ಅದೇ ತಟ್ಟೆಯ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಖಣ ಎಲ್ಲವನ್ನೂ ತಂಗಿಯ ಸೆರಗಿಗೆ ಹಾಕಿದಳು. ನಾನು ಎದುರಿಗೇ ನಿಂತು ಫೋಟೊ ತೆಗೆದೆ. ಆ ಫೋಟೊ ಈಗಲೂ ಇದೆ. ಹಿಗ್ಗಿಸಿ ನೋಡಿದರೆ ಖಣದಿಂದ ಕರ್ರಗೆ ಏನೋ ಇಣುಕುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ.

“ಸುನಂದಾಗ ಬಸ್ಸಿಗಿ ಹಚ್ಚರಿ. ನಾವು ಸೀದಾ ಔರಾದಕ್ಕ ಹೋಗಮು” ಎಂದಳು ಕಸ್ತೂರಿ. ಬೀದರಿನಿಂದ ಔರಾದಿಗೆ ನೇರ ದಾರಿ ಇದೆ. ಭಾಲ್ಕಿಗೆ ಹೋಗುವುದು ಸುತ್ತು.

“ಮನಿ ಮಗಳಿಗಿ ಬಸ್ಸಿನ್ಯಾಗ ಕಳಸೋದು ಶೋಭಾ ಅಲ್ಲ” ಎಂದೆ.

ನಿಜ ಹೇಳಬೇಕೆಂದರೆ ಭಾಲ್ಕಿಯಲ್ಲಿ ಸುನಂದಾಳ ಗಂಡ ಶಿವರಾಜನಿದ್ದಾನೆ. ನನ್ನ ಷಡ್ಡಕ. ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಅವನ ಹಳೆಯ ಜೀಪಿನ ಒಂದು ಬಾಗಿಲಿಗೆ ಹಗ್ಗ ಕಟ್ಟಿದೆ, ಓಡುವಾಗ ಯಾರಾದರೂ ಅದನ್ನು ಹಿಡಿದುಕೊಳ್ಳಬೇಕು. ಹಾಗಿದ್ದೂ ಅತ್ತೆಯ ಮನೆಯಲ್ಲಿ ಹನ್ನೆರಡು ವರ್ಷ ‘ಗಾಡಿ ಇರೋ ಅಳಿಯ’ ಎಂದರೆ ಅವನೇ. ನಾನು ‘ಮಾಸ್ತರ ಅಳಿಯ’. ಈ ಗಾಯ ಹೊರಗೆ ಕಾಣುವಂಥದ್ದಲ್ಲ.

ಭಾಲ್ಕಿಯಲ್ಲಿ ಸುನಂದಾ ಇಳಿದು ಉಡಿ ಸಮೇತ ಒಳಗೆ ಹೋದಳು. ಶಿವರಾಜ ಹೊರಗೆ ಬಂದ. ನಾನು ಇಂಜಿನ್ ಬಂದ್ ಮಾಡಲಿಲ್ಲ.

“ಸುರು ಅದ, ಗೊತ್ತಾಗ್ತದೇನು? ಸಪ್ಪಳನೇ ಇಲ್ಲ ನೋಡು” ಎಂದೆ.

“ಬಂದ್ ಇದ್ದದ್ದಕ್ಕೂ ಸಪ್ಪಳ ಇರಲ್ಲಲ್ಲ, ಅಣ್ಣಾ” ಎಂದ. ಒಂದು ಸುತ್ತು ಹಾಕಿ, “ಎಷ್ಟನೇ ಕೈ?” ಎಂದು ಕೇಳಿದ.

“ಮೂರನೇದು.”

“ಛಲೋ ಅದ. ಊಟದ ಹೊತ್ತಿಗಿ ನಾನೂ ಡಾಬಕಾಕ್ಕ ಬರ್ತೇನಿ” ಎಂದು ಒಳಗೆ ಹೋದ. ನಾನು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಹಾರ ಅಲ್ಲೇ ಬಾಡಿತು.

ಹೊರಟ ಕೂಡಲೇ ಕಾರು ಕುಂಯ್ ಕುಂಯ್ ಎನ್ನತೊಡಗಿತು. ಮುಂದಿನ ಪರದೆಯ ಮೇಲೆ ಹಳದಿ ಗುರುತೊಂದು ಮಿಣುಕಿತು.

“ಏನೋ ಹೇಳ್ಲಾಕತ್ತದ ನೋಡ್ರಿ” ಎಂದಳು ಕಸ್ತೂರಿ.

“ಅದು ಜಪಾನಿ ಸಂಸ್ಕೃತಿ” ಎಂದೆ. “ಯಾರಾದ್ರೂ ಇಳದು ಹೋದ್ರ ನಮಸ್ಕಾರ ಹೇಳ್ತದ. ಭಾಳ ವಿನಯದ ಜನ ಅವ್ರು.”

ಸ್ವಲ್ಪ ಹೊತ್ತಿಗೆ ಕಾರು ಸುಮ್ಮನಾಯಿತು. ನಮಸ್ಕಾರ ಮುಗಿಯಿತೆಂದು ನಾನು ತಿಳಿದೆ.

ಔರಾದು ಮುಟ್ಟಿದಾಗ ಹನ್ನೊಂದೂವರೆ. ಇನ್ನು ಅರ್ಧ ತಾಸಿನ ದಾರಿ. ಕಸ್ತೂರಿ ಹುಡುಗಿಯ ಮುಡಿಗೆ ಮಲ್ಲಿಗೆ ದಂಡೆ ತರುತ್ತೇನೆಂದು ಬಸ್ ಸ್ಟ್ಯಾಂಡಿನ ಗೇಟಿನ ಬಳಿ ಇಳಿದಳು. ‘ಎರಡು ನಿಮಿಷ’ ಎಂದು ಗೇಟಿಗೆ ಅಡ್ಡಲಾಗಿಯೇ ನಿಲ್ಲಿಸಿದೆ. ಇಂಜಿನ್ ಓಡುತ್ತಲೇ ಇತ್ತು. ಆಗ ಕಿಟಕಿಗೆ ಬಂದವನು ನನ್ನ ಕಾಲೇಜಿನ ಗೆಳೆಯ ಗುಂಡಪ್ಪ. ಅಲ್ಲೇ ಅವನ ಹೂವಿನ ಅಂಗಡಿ.

“ಏನ್ ಮಾಸ್ತರ, ಇದಕ್ಕ ಚಾವಿ ಹಾಕೋ ಜಾಗನೇ ಇಲ್ಲಲ್ಲೋ. ಸುರು ಹ್ಯಾಂಗ್ ಆಗ್ತದ?”

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಎಂಟು ದಿನದಿಂದ ಕಾಯುತ್ತಿದ್ದೆ.

“ನೋಡು” ಎಂದೆ. ಗುಂಡಿ ಒತ್ತಿದೆ. ಇಂಜಿನ್ ನಿಂತಿತು. “ಬಂದ್ ಆಯ್ತು. ಈಗ ನೋಡು.” ಮತ್ತೆ ಒತ್ತಿದೆ.

ಕುಂಯ್.

ಇನ್ನೊಮ್ಮೆ ಒತ್ತಿದೆ. ಬೆರಳು ಬದಲಿಸಿ ಒತ್ತಿದೆ. ಕೊನೆಗೆ ಬಸವಣ್ಣನವರನ್ನು ನೆನೆದು ಒತ್ತಿದೆ. ಕುಂಯ್ ಬಿಟ್ಟರೆ ಬೇರೆ ಮಾತಿಲ್ಲ. ಗುಂಡಪ್ಪ, “ಬಂದ್ ಮಾಡೋದು ಛಲೋ ಕಲ್ತಿದ್ದಿ” ಎಂದ.

ಅಷ್ಟರಲ್ಲಿ ಗೇಟಿನೊಳಗಿಂದ ಒಂದು ಬಸ್ಸು ಬಂದು ನನ್ನ ಕಾರಿನ ಮುಂದೆ ನಿಂತು ಹಾರ್ನ್ ಹಾಕತೊಡಗಿತು. ಎಂಟು ಜನ ಸೇರಿ ಕಾರನ್ನು ದೂಡಿದರು, ಅದು ಕದಲಲಿಲ್ಲ. ಚಾವಿ ಇಲ್ಲದಿದ್ದರೆ ಗೇರು ಬಿಡುವುದಿಲ್ಲ, ಗೇರು ಬಿಡದಿದ್ದರೆ ಚಕ್ರ ತಿರುಗುವುದಿಲ್ಲ. ಇದು ನನಗೆ ಆಮೇಲೆ ಗೊತ್ತಾದ ಇತಿಹಾಸ. ಯಾರೋ ಗ್ಯಾರೇಜಿನ ಗೌಸಭಾಯಿಯನ್ನು ಕರೆತಂದರು. ಅವರು ಕಾರನ್ನು ದೂರದಿಂದಲೇ ನೋಡಿ ಕೈ ಮುಗಿದರು.

“ಸಾಬ್, ಈ ಕಂಪನಿ ಗಾಡಿ ನನ್ನ ಹಂತೇಕ ಬರೋದೇ ಇಲ್ಲ. ಕೆಡಲ್ಲ. ಕೆಟ್ರಲ್ಲ ನಾ ಕಲಿಯೋದು?” ಎಂದು, ಸ್ವಲ್ಪ ತಡೆದು, “ಚಾಬಿ ಎಲ್ಲದ?” ಎಂದರು.

“ಇದಕ್ಕ ಚಾವಿ ಬೇಕಾಗಲ್ಲ.”

“ತಿರುವೋದು ಬೇಕಾಗಲ್ಲ, ಸಾಬ್. ಇರೋದು ಬೇಕಾಗ್ತದ.”

ದಂಡೆ ಹಿಡಿದು ಬಂದ ಕಸ್ತೂರಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೆ ಖಣ ನೆನಪಾಯಿತು.

ಸುನಂದಾಳಿಗೆ ಫೋನ್ ಹಚ್ಚಿದೆವು. ಅಕ್ಕಿ ಇತ್ತು, ಉತ್ತತ್ತಿ ಇತ್ತು. ಖಣ ಮಾತ್ರ ಇರಲಿಲ್ಲ. ಖಣ ಒಂದು ಮನೆಯಲ್ಲಿ ನಿಲ್ಲುವ ವಸ್ತುವಲ್ಲ, ಮುತ್ತೈದೆಯಿಂದ ಮುತ್ತೈದೆಗೆ ಹೋಗುತ್ತಲೇ ಇರುತ್ತದೆ. “ಇವ್ರ ಕಡಿ ಭಾಗೀರಥಿ ಅತ್ತಿ ಬಂದಿದ್ರು, ಅಕ್ಕಾ. ಕುಂಕುಮ ಹಚ್ಚಿ, ಮಡಿಕೆ ಸುದ್ದಾ ಬಿಚ್ಚದೆ ಹಂಗೇ ಕೊಟ್ಟೆ. ಅವ್ರು ಆಗಲೇ ಖಟಕ ಚಿಂಚೋಳಿ ಬಸ್ ಹತ್ಯಾರ.”

ನನ್ನ ಕಾರಿನ ಪ್ರಾಣ ಒಂದು ಬಸ್ಸಿನಲ್ಲಿ ಖಟಕ ಚಿಂಚೋಳಿಗೆ ಹೋಗುತ್ತಿತ್ತು. ಶಿವರಾಜ ಅದರ ಬೆನ್ನು ಹತ್ತಿ ಜೀಪು ಬಿಟ್ಟನಂತೆ. ಹಗ್ಗ ಹಿಡಿಯಲು ಸುನಂದಾ.

ಆಗ ಅಕ್ಕನ ಫೋನು. “ತಮ್ಮಾ, ಎಲ್ಲಿದ್ದಿ?”

“ಬಂದೇ ಬಿಟ್ವಿ ಅಕ್ಕಾ, ಹತ್ತು ನಿಮಿಷ.”

ಯಾಕೆ ಹಾಗೆಂದೆನೋ ಗೊತ್ತಿಲ್ಲ. ನೂಲು ಹರಿದಿದೆ ಎಂದು ಅಲ್ಲೇ ಹೇಳಿದ್ದರೆ ಅವಳು ಬೇರೆ ದಾರಿ ನೋಡುತ್ತಿದ್ದಳು. ಆ ಹತ್ತು ನಿಮಿಷವನ್ನು ನಾನು ಅವಳಿಗೆ ಮೂರು ಸಲ ಕೊಟ್ಟೆ. ಪಾಪ, ಮೂರು ಸಲವೂ ನಂಬಿದಳು.

ಬಸ್ಸಿನ ಕಂಡಕ್ಟರ್ ಇಳಿದು ಬಂದರು. “ಎಲ್ಲಿಗಿ ಹೋಗಬೇಕಿತ್ತರಿ ನಿಮಗ?”

“ಡಾಬಕಾಕ್ಕ.”

ಅವರು ಬಸ್ಸಿನ ಹಣೆಯ ಮೇಲಿದ್ದ ಬೋರ್ಡಿನ ಕಡೆ ಬೊಟ್ಟು ಮಾಡಿದರು. ಡಾಬಕಾ! ನಮ್ಮನ್ನು ಮುಟ್ಟಿಸಬಹುದಾಗಿದ್ದ ಬಸ್ಸನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಿದವನು ನಾನೇ.

ಎಂಟು ಜನ ಹದಿನಾರಾದರು. ಕಾರಿನ ಮುಂಭಾಗವನ್ನು ಅನಾಮತ್ತಾಗಿ ಎತ್ತಿ ಪಕ್ಕಕ್ಕೆ ಇಟ್ಟರು. ನಾನು ಸೀರೆಯ ಪೊಟ್ಟಣ ತೆಗೆಯಲು ಕಾರಿನ ಹಿಂದೆ ಹೋದೆ. ತಡವಾಗಿದ್ದ ಸಿಟ್ಟಿಗೆ ಡ್ರೈವರ್ ಸಾಹೇಬರು ಬಸ್ಸನ್ನು ಬಿಟ್ಟೇಬಿಟ್ಟರು. ಸೀರೆ ಹಿಡಿದು ಓಡಿದೆ. ನನ್ನ ಹಿಂದೆ ಕಸ್ತೂರಿ ದಂಡೆ ಹಿಡಿದು ಓಡಿದಳು. ಔರಾದಿನ ಜನ ದಾರಿ ಬಿಟ್ಟು ನಿಂತು ನೋಡಿದರು.

ಕೊನೆಗೆ ಒಂದು ಟಂಟಂ ಆಟೋ ಸಿಕ್ಕಿತು. ಹನ್ನೆರಡು ಜನ ತುಂಬಿದ ಮೇಲೆ ಹೊರಟಿತು. ನಾನು ಹನ್ನೆರಡನೆಯವನು, ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ. ಸೀರೆಯ ಪೊಟ್ಟಣವನ್ನು ಎದೆಗವಚಿಕೊಂಡು ಗಡಿಯಾರ ನೋಡುವುದನ್ನೇ ಬಿಟ್ಟೆ. ದಾರಿಯುದ್ದಕ್ಕೂ ಕಸ್ತೂರಿ ಓಡುವಾಗ ಸಡಿಲಾದ ದಂಡೆಯ ಹೂಗಳನ್ನು ಸರಿಮಾಡುತ್ತಾ ಕುಳಿತಳು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಪೆಂಡಾಲಿನಲ್ಲಿ ಎರಡನೇ ಪಂಕ್ತಿ ಊಟ ನಡೆದಿತ್ತು. ಅಕ್ಷತೆ ಬಿದ್ದು ಮುಕ್ಕಾಲು ಗಂಟೆಯಾಗಿತ್ತು.

ಅಶ್ವಿನಿ ಹಳೆಯದೊಂದು ಹಸಿರು ರೇಷ್ಮೆ ಸೀರೆ ಉಟ್ಟು ಗಂಡನ ಪಕ್ಕ ಕುಳಿತಿದ್ದಳು. ಆ ಸೀರೆಯನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಅಕ್ಕ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು.

“ಬೀಗರು ಮೂರು ಸಲ ಕೇಳಿದ್ರು, ಹುಡುಗಿಗಿ ಸೋದರಮಾವ ಇಲ್ಲೇನು ಅಂತ. ಹಾದ್ಯಾಗ ಇದ್ದಾನ ಅಂದೆ. ಎಷ್ಟು ಸಲ ಹೇಳ್ಲಿ? ತವರಿನ ಸೀರಿ ಬೇಕಿತ್ತಲ್ಲ, ನನ್ನ ಪೆಟ್ಟಿಗ್ಯಾಗ ಒಂದಿತ್ತು. ನನ್ನ ಮದಿವಿಗಿ ಅವ್ವ ಕೊಟ್ಟದ್ದು. ಅದೇ ಉಡಿಸ್ದೆ. ನಾನೇ ಕೈ ಹಿಡಕೊಂಡು ಮಂಟಪಕ್ಕ ಕರ್ಕೊಂಡು ಬಂದೆ.”

ಅವಳೇ ಕೂಡಿಸಿದಳು, ನೀರು ಕೊಟ್ಟಳು. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಶಿವರಾಜ ಬಂದು ನನ್ನ ಅಂಗೈಯಲ್ಲಿ ಚಾವಿ ಇಟ್ಟು ಪಕ್ಕದಲ್ಲೇ ಕುಳಿತ. ಚಾವಿಗೆ ಇನ್ನೂ ಅರಿಶಿನ ಹತ್ತಿತ್ತು.

ಅಕ್ಕ ಕೇಳಿದಳು, “ಯಾಕ ತಡ ಆಯ್ತು?”

“ಗಾಡಿ ಸುರು ಆಗ್ಲಿಲ್ಲ.”

“ಯಾಕ?”

“ಚಾವಿ ಇರ್ಲಿಲ್ಲ.”

“ಯಾಕ ಇರ್ಲಿಲ್ಲ?”

“ಸುನಂದಾನ ಉಡ್ಯಾಗ ಭಾಲ್ಕಿದಾಗ ಇಳೀತು.”

“ಸೀದಾ ಹಾದಿ ಬಿಟ್ಟು ಭಾಲ್ಕಿಗಿ ಯಾಕ ಹೋದಿ?”

ಪಕ್ಕದಲ್ಲಿ ಶಿವರಾಜ. ಕಸ್ತೂರಿ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

“ಇವನಿಗಿ ಗಾಡಿ ತೋರಿಸ್ಲಾಕ.”

ಅಕ್ಕ ಖಾಲಿಯಾದ ನೀರಿನ ಲೋಟವನ್ನು ಪಕ್ಕಕ್ಕಿಟ್ಟಳು.

“ತೋರ್ಸೋದು ಯಾಕ ಬೇಕಿತ್ತು, ತಮ್ಮಾ?”

ಲೆಕ್ಕ ಹಾಕಿದೆ. ಐದನೆಯದು. ಜಪಾನಿನವರು ಹೇಳಿದ್ದು ಸುಳ್ಳಲ್ಲ, ದೋಷ ಸಿಕ್ಕಿತು. ಅದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಯಾರೂ ಉಡದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕನ ಮುಂದೆ ತಲೆ ತಗ್ಗಿಸಿ ಕುಳಿತಿತ್ತು.

ಸಂಜೆ ಔರಾದಿಗೆ, ಕಾರಿನ ಹತ್ತಿರಕ್ಕೆ, ಶಿವರಾಜನ ಜೀಪಿನಲ್ಲೇ ಹೋದೆವು. ಸುನಂದಾ ತನ್ನ ಕೈಯಲ್ಲಿದ್ದ ಬಾಗಿಲಿನ ಹಗ್ಗವನ್ನು ನನಗೆ ಕೊಟ್ಟಳು. ಗಟ್ಟಿಯಾಗಿ ಹಿಡಿದುಕೊಂಡೆ.