ಕೆಂಪು ಕೋಳಿಗಳ ಪಾಲು

ಮೆಹರುನ್ನಿಸಾ: ಇವು ನನ್ನ ಕೋಳಿ ಅಲ್ಲ! ಅಲ್ಲಾನ ಆಣಿ, ಅಲ್ಲಂದ್ರ ಅಲ್ಲ!

ಲಕ್ಕವ್ವ: ಮತ್ತ್ಯಾರವು ಬೇ? ನಿನ್ನ ಕೋಳಿ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಬನಶಂಕರಿ ಆಣಿ!

ಮೆಹರುನ್ನಿಸಾ: ನಾ ಕೊಟ್ಟಿದ್ದು ಕೆಂಪನ ಕೋಳಿ. ಮೆಣಸಿನಕಾಯಿ ಹಂಗ ಕೆಂಪ! ಇಲ್ಲಿ ನೋಡಿದ್ರ ಎಲ್ಲಾ ಹತ್ತಿ ಉಂಡಿ ಓಡ್ಯಾಡಾಕತ್ತಾವ.

ಇಳಕಲ್ಲಿನ ನೇಕಾರರ ಓಣಿಯಲ್ಲಿ, ಲಕ್ಕವ್ವನ ಹಿತ್ತಲಲ್ಲಿ, ಖಾಲಿ ಬುಟ್ಟಿ ಹಿಡಿದು ಮೆಹರುನ್ನಿಸಾ ನಿಂತಿದ್ದಳು. ಮೂರು ವರ್ಷದ ಹಿಂದೆ ಮಗನ ಅಂಗಡಿ ನೋಡಿಕೊಳ್ಳಲು ಕೆರೂರಿಗೆ ಹೋಗುವಾಗ ತನ್ನ ಕೋಳಿಗಳನ್ನೆಲ್ಲ ಪಕ್ಕದ ಮನೆಯ ಈ ಗೆಳತಿಗೆ ಪಾಲಿಗೆ ಕೊಟ್ಟಿದ್ದಳು. ಪಾಲೆಂದರೆ ಗೊತ್ತಲ್ಲ, ಸಾಕುವುದು ಒಬ್ಬರು, ಆಮೇಲೆ ಅರ್ಧ ಇವರಿಗೆ, ಅರ್ಧ ಅವರಿಗೆ. ಆ ಅರ್ಧ ಒಯ್ಯಲು ಬೆಳಗಿನ ಬಸ್ಸಿಗೇ ಬಂದವಳಿಗೆ ಈ ಬಿಳಿಯ ದರ್ಶನವಾಗಿತ್ತು.

ಲಕ್ಕವ್ವ: ಬಣ್ಣ ತಗೊಂಡು ಏನ ಮಾಡ್ತಿ? ಒಲಿ ಮ್ಯಾಲ ಏರಿದ್ರ ಎಲ್ಲಾ ಒಂದ.

ಮೆಹರುನ್ನಿಸಾ: ನಾಳೆ ನಮ್ಮ ನಜಮಾನ ಗಂಡ, ಹೊಸ ಅಳಿಯ ಬರಾಕತ್ತಾನ ಲಕ್ಕವ್ವ! ಮದವಿ ದಿನ ಬೀಗರ ಮುಂದ ನಿಂತು ಹೇಳೀನಿ, ನಮ್ಮನಿ ಕೆಂಪ ಜವಾರಿ ಕೋಳಿ ಒಮ್ಮೆ ತಿಂದ್ರ ಹುಡುಗ ತನ್ನ ಊರ ಮರೀತಾನ ಅಂತ. ಈಗ ಈ ಬಿಳೀ ಕೋಳಿ ಅಂಗಳದಾಗ ಕಂಡ್ರ ಏನಂತಾನ? ಅತ್ತಿ ಫಾರಂ ಕೋಳಿ ತಂದು ಮಾಡಿ ಹಾಕಿದ್ಳು ಅಂತಾನ!

ಲಕ್ಕವ್ವ: ಕೆರೂರ ಸಂತ್ಯಾಗ ಕೆಂಪನ್ನಾವ ಸಿಗೂದಿಲ್ಲೇನ?

ಮೆಹರುನ್ನಿಸಾ: ಸಂತೀ ಕೋಳಿನ ನನ್ನವು ಅಂತ ಹೇಳ್ಲೇನು? ಫೋನಿನ್ಯಾಗ ಕೇಳಿದಾಗೆಲ್ಲ ಕೋಳಿ ಚಲೋ ಅದಾವ ಅಂತಿದ್ದಿ. ಬಿಳೀ ಆಗ್ಯಾವ ಅಂತ ಒಮ್ಮೆರ ಹೇಳಿದ್ಯಾ?

ಲಕ್ಕವ್ವ: ನೀ ಬಣ್ಣ ಕೇಳಿದ್ಯಾ?

 ಮಾತಲ್ಲಿ ಸೋತಾಗ ಮೆಹರುನ್ನಿಸಾ ಕೆಲಸಕ್ಕೆ ಕೈ ಹಾಕುವವಳು. ಸುತ್ತ ನೋಡಿದಳು. ಗೋಡೆಯಾಚೆ ಹೊಸದಾಗಿ ಕಲ್ಲು ಕೊಯ್ಯುವ ಕಾರ್ಖಾನೆ ಬಂದಿತ್ತು. ಅದರ ಪುಡಿ ಹಾರಿ ಹಾರಿ, ಮೊದಲು ಕೆಂಪು ಮಣ್ಣಿದ್ದ ಹಿತ್ತಲೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಅವಳ ಮುಖ ಅರಳಿತು.

ಮೆಹರುನ್ನಿಸಾ: ತಿಳೀತು! ಇದು ಬರೇ ಧೂಳ. ನೀರ ಕಾಸು. ಸೋಪಿನ ಪುಡಿ ತಾ.

ಲಕ್ಕವ್ವ: ಯವ್ವಾ, ಕೋಳಿಗೆ ಯಾರರ ಸೋಪ ಹಚ್ಚತಾರೇನ?

ಹಚ್ಚಿದರು. ಕಾವಿಗೆ ಕೂತು ಏಳಲಾರದೆ ಇದ್ದ ಒಂದು ಕೋಳಿ ಸಿಕ್ಕಿತು. ಉಗುರು ಬೆಚ್ಚಗಿನ ನೀರು, ನೊರೆ, ಉಜ್ಜಾಟ, ಕೋಳಿಯ ಬೊಬ್ಬೆ. ನಾಲ್ಕು ತಂಬಿಗೆ ನೀರು ಸುರಿದ ಮೇಲೆ ಅದು ಮದುವೆಯ ಪಂಚೆಯ ಹಾಗೆ ಇನ್ನಷ್ಟು ಬೆಳ್ಳಗೆ ಹೊಳೆಯಿತು. ಇಬ್ಬರ ಮುಖಕ್ಕೂ ನೊರೆ ಸಿಡಿಸಿ ಹಾರಿ ಗೋಡೆಯೇರಿ ಕೂತಿತು.

ಮೆಹರುನ್ನಿಸಾ: (ಕಣ್ಣೊರೆಸಿಕೊಂಡು) ಹಂಗಾರ ಅಂಜಿಕಿಗೆ ಬಿಳಿಚಿಗೊಂಡಾವ. ಕಾರ್ಖಾನಿ ಸಪ್ಪಳಕ್ಕ ಎದಿ ಒಡದು ಬಣ್ಣ ಇಳದೈತಿ.

ಲಕ್ಕವ್ವ: ಹಂಗಿದ್ರ ನಾ ಇಷ್ಟೊತ್ತಿಗೆ ಸುಣ್ಣ ಆಗಬೇಕಿತ್ತು! ಕೇಳಿಲ್ಲಿ. ಒಂದ ಕೋಳೀನೂ ಬಣ್ಣ ಬದಲಿ ಮಾಡಿಲ್ಲ. ಕೆಂಪ ಹುಟ್ಟಿದ್ದು ಕೆಂಪಾಗೇ ಸತ್ತೈತಿ, ಬಿಳೀ ಹುಟ್ಟಿದ್ದು ಬಿಳೀನ ಐತಿ.

ಮೆಹರುನ್ನಿಸಾ: ಸತ್ತಾವಾ! ಕೊಂದಾವ್ರ ಯಾರ?

ಲಕ್ಕವ್ವ: (ಮೇಲೆ ಬೆರಳು ತೋರಿಸಿ) ಅವ.

ಆಕಾಶದಲ್ಲಿ ಹದ್ದೊಂದು ಆರಾಮಾಗಿ ಸುತ್ತು ಹಾಕುತ್ತಿತ್ತು.

ಲಕ್ಕವ್ವ: ಬಿಳೀ ನೆಲದ ಮ್ಯಾಲ ಕೆಂಪ ಕೋಳಿ ಎದ್ದ ಕಾಣತೈತಿ. ಎತಗೊಂಡು ಹೋತು. ನಡನಡುವ ಹುಟ್ಟಿದ ಬಿಳೀದು ಧೂಳಿನ್ಯಾಗ ಕೂಡಿಕೊಂಡು ಉಳೀತು. ಉಳದದ್ದು ತತ್ತಿ ಇಟ್ಟಿತು. ಮರಿ ಅವ್ವನ ಬಣ್ಣ ತಗೊಂಡ್ವು. ಅದರಾಗೂ ಒಂದೆರಡು ಕೆಂಪ ಹುಟ್ಟಿದ್ವು, ಅವನ್ನೂ ಎತ್ತಿತು. ಹಿಂಗ ಆಗತಾ ಆಗತಾ ಹಿತ್ತಲ ಬಿಳೀ ಆತು. ನಾ ಏನ ಮಾಡ್ಲಿ?

ಮೆಹರುನ್ನಿಸಾ: ಸುಳ್ಳ! ನನ್ನ ಕಾಲದಾಗೂ ಹದ್ದ ಇತ್ತು. ಆವಾಗ ಬಿಳೀ ಮರಿ ಹುಟ್ಟಿದ್ರ ಸಾಕು, ಸಂಜೀ ತನಕ ಉಳೀತಿರಲಿಲ್ಲ. ಕೆಂಪ ಒಂದನೂ ಮುಟ್ಟತಿರಲಿಲ್ಲ. ನನ್ನ ಕೋಳಿ ಅಂದ್ರ ಹದ್ದೂ ಅಂಜತಿತ್ತು!

ಲಕ್ಕವ್ವ: ಆವಾಗ ನೆಲ ಯಾವ ಬಣ್ಣ ಇತ್ತು ಬೇ?

ಮೆಹರುನ್ನಿಸಾ ನೆಲ ನೋಡಿದಳು. ಕಾಲಿಂದ ಧೂಳು ಸರಿಸಿದಳು, ಅಡಿಯಲ್ಲಿ ಕೆಂಪು ಮಣ್ಣು. ಇಷ್ಟು ವರ್ಷ ಓಣಿಯ ತುಂಬ ‘ನನ್ನ ಕೈಗುಣಕ್ಕೆ ಕೋಳಿ ಕೆಂಪು’ ಎಂದು ಮೆರೆದಿದ್ದಳು. ಈಗ ನೋಡಿದರೆ ಆ ಕೈ ಹದ್ದಿನದು. 

ಮೆಹರುನ್ನಿಸಾ: ಹಾಳ ಹದ್ದ! ಇರ್ಲಿ, ಬಿಳೀದನ್ನ ಒಂದ ಹಿಡದ ಕೊಡು.

ಲಕ್ಕವ್ವ: ಹಿಡದ್ರ ನಿಂದ.

ಹತ್ತು ನಿಮಿಷ ಇಬ್ಬರೂ ಓಡಿದರು. ಬಿಸಿಲಿಗೆ ಕಣ್ಣು ಕೋರೈಸುವ ಬಿಳಿ ಧೂಳಲ್ಲಿ ಯಾವುದು ಕೋಳಿ, ಯಾವುದು ನೆಲ ತಿಳಿಯಲಿಲ್ಲ. ಮೆಹರುನ್ನಿಸಾ ಎರಡು ಸಲ ಬುಟ್ಟಿ ಕವುಚಿ ಹಾಕಿ ಎರಡು ಸಲವೂ ಕಲ್ಲು ಹಿಡಿದಳು.

ಮೆಹರುನ್ನಿಸಾ: (ಏದುಸಿರು ಬಿಡುತ್ತ) ಎಷ್ಟ ಚುರುಕ ಅದಾವ ಬೇ!

ಲಕ್ಕವ್ವ: ಮಂದ ಇದ್ದವನ್ನೂ ಹದ್ದ ಬಿಟ್ಟಿಲ್ಲಲ್ಲ!

ಅಷ್ಟರಲ್ಲಿ ಮನೆಯೊಳಗಿಂದ ‘ಕೊಕ್ಕೊಕ್’ ಎಂದು ಮೆಲ್ಲಗೆ ಕೇಳಿತು. ಇಬ್ಬರೂ ಒಳಗೆ ನುಗ್ಗಿದರು. ಒಳಗೆ ಲಕ್ಕವ್ವನ ಗಂಡ ಅಮೀನಪ್ಪ ಮಗ್ಗದ ಕುಣಿಯಲ್ಲಿ, ಅಂದರೆ ನೆಲದ ಗುಂಡಿಯಲ್ಲಿ, ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಹೆಂಗಸರ ಜಗಳವಾದಾಗ ಅವನು ಅಲ್ಲಿಂದ ಏಳುವವನೇ ಅಲ್ಲ. ಅವನ ಕಾಲ ಬುಡದಲ್ಲಿ ದುಂಡಗೆ ಕೂತಿತ್ತು, ಮೆಣಸಿನಕಾಯಿಯಷ್ಟು ಕೆಂಪಾದ ಒಂದು ಕೋಳಿ!

ಮೆಹರುನ್ನಿಸಾ: ಯಾ ಅಲ್ಲಾ! ಇದು ಹ್ಯಾಂಗ ಉಳೀತು?

ಲಕ್ಕವ್ವ: ಮಹಾ ಪುಕ್ಕಲ. ಹುಟ್ಟಿದಾಗಿಂದ ಕುಣಿ ಬಿಟ್ಟು ಹೊರಗ ಬಂದಿಲ್ಲ. ನನ್ನ ಗಂಡನೂ ಹಂಗ ಉಳದಾನ.

ಅಮೀನಪ್ಪ: (ಕೋಳಿಯನ್ನು ಎರಡೂ ಕೈಯಲ್ಲಿ ಮುಚ್ಚಿ) ತಂಗೀ, ಕೈ ಮುಗೀತೇನಿ. ಈ ಮನ್ಯಾಗ ನನ್ನ ಮಾತ ಪೂರಾ ಕೇಳೂದು ಇದೊಂದ.

ಲಕ್ಕವ್ವ: ಕೇಳ್ರಿ ಇಲ್ಲಿ! ಹಂಗಾರ ನಾ ಏನ ಕಿವುಡಿ ಏನ್ರಿ?

ಮೆಹರುನ್ನಿಸಾಳ ಕೈ ಅರ್ಧಕ್ಕೇ ನಿಂತಿತು. ಒಂದು ಕಡೆ ಅಳಿಯ, ಇನ್ನೊಂದು ಕಡೆ ಅಮೀನಪ್ಪನ ಕಣ್ಣು.  ‘ಅಳಿಯನ್ನ ಕೇಳಿಬಿಡ್ತೇನಿ’ ಎಂದು ಫೋನು ತೆಗೆದಳು.

ಮೆಹರುನ್ನಿಸಾ: ಬೇಟಾ ತೌಸಿಫ, ನಾಳೆ ಬಿಳೀ ಕೋಳಿ ಮಾಡಿದ್ರ ನಡಿತೈತೇನಪ್ಪ?

ತೌಸಿಫ: ನಡಿತೈತ್ರಿ ಅಮ್ಮೀ.

ಮೆಹರುನ್ನಿಸಾ: ಕೋಳಿನ ಇರಲಿಲ್ಲಂದ್ರ?

ತೌಸಿಫ: ಅದೂ ನಡಿತೈತ್ರಿ. ತಡೀರಿ, ನಜಮಾನ್ನ ಕೇಳಿ ಹೇಳ್ತೇನಿ.

ಲಕ್ಕವ್ವ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು.

ಮೆಹರುನ್ನಿಸಾ: ಯಾಕ ನಗ್ತಿ?

ಲಕ್ಕವ್ವ: ಚಾದಾಗ ಸಕ್ಕರಿ ಕಡಿಮಿ ಅಂದ ವರನ್ನ ನಿನ್ನ ಮಗಳು ಬ್ಯಾಡ ಅಂದ್ಳು. ಹುಡುಗಿ ಜೋರ ಮಾತಾಡತಾಳ ಅಂದಾವನ್ನೂ ಓಡಿಸಿದ್ಳು. ಬಿರ್ಯಾನ್ಯಾಗ ಉಪ್ಪ ಜಾಸ್ತಿ ಅಂದಾವ ಊಟ ಮುಗಸೂಕಿಂತ ಮೊದಲ ಹೋದ. ತಕರಾರ ಮಾಡೂ ಜಾತಿ ಎಲ್ಲಾ ಎತ್ತಿ ಒಗದ ಮ್ಯಾಲ ಉಳದಾವ ಇವ! ಇವಗ ಅಂಜಿ ಮುಂಜಾನಿಂದ ನೀ ಕೋಳಿ ಮೈ ತೊಳದ್ಯಲ್ಲ ಬೇ!

ಮೆಹರುನ್ನಿಸಾ ಬುಟ್ಟಿಯ ಮೇಲೆಯೇ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮೆಹರುನ್ನಿಸಾ: ಹಂಗಾರ ನಾಳೆ ನಿನ್ನ ಹಿತ್ತಲಕ್ಕ ಕರಕೊಂಡ ಬರ್ತೇನಿ. ಅವನೇ ಹಿಡೀಲಿ. ಸಿಕ್ಕರ ಕೋಳಿ ಸಾರು, ಸಿಗಲಿಲ್ಲಂದ್ರ ಬದ್ನೀಕಾಯಿ!

ಇದು ಕೇಳಿದ್ದೇ ತಡ, ಅಮೀನಪ್ಪ ಕುಣಿಯಿಂದ ಎದ್ದು ಬಂದ, ಕಂಕುಳಲ್ಲಿ ಕೆಂಪು ಕೋಳಿ, ಕೈಯಲ್ಲಿ ಕಾಯಿಪಲ್ಲೆ ಚೀಲ.

ಅಮೀನಪ್ಪ: ಬದ್ನೀಕಾಯಿ ನಾನ ತರ್ತೇನಿ. ಈಗಿಂದೀಗ!

ಲಕ್ಕವ್ವ: ಏನ್ರಿ, ಹೊರಗ ಹೊಂಟೀರಿ, ಮ್ಯಾಲ ನೋಡಿಕೋತ ಹೋಗ್ರಿ. ಹದ್ದ ಐತಿ!