ಸೀರೆ ಬದಲಿಗೆ ಕಾರಣ

ನಮ್ಮನ್ನು ಯಾರೂ ಒಂದು ಮಾತು ಕೇಳುವುದಿಲ್ಲ ಎಂದು ಗೊಣಗುವುದರಲ್ಲಿ ಒಂದು ಸುಖವಿದೆ. ಕೇಳಿಬಿಟ್ಟರೆ ಆ ಸುಖವೂ ಹೋಗುತ್ತದೆ. ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುತ್ತಲೇ ಅರ್ಧ ಆಯುಷ್ಯ ಕಳೆದ ನನಗೆ ಈ ಜ್ಞಾನ ಈಚೆಗಷ್ಟೇ ಬಂತು.

ಅಂಗಡಿಗೆ ಕಂಪ್ಯೂಟರ್ ತರಿಸುವ ಮುಂಚೆ ನಮ್ಮ ಸಾಹುಕಾರರು ಎಲ್ಲರನ್ನೂ ಕೂರಿಸಿ, "ನಾಳಿ ಇದನ್ನ ಬಳಸವ್ರು ನೀವು. ಹೆಂಗಿರಬೇಕು ನೀವ ಹೇಳ್ರಿ" ಎಂದರು. ಅಮೀನಗಡದ ಕರದಂಟು ಬಂದಿತ್ತು; ಬಾಯಿ ತುಂಬಿದ್ದರಿಂದ ಮೊದಲು ಯಾರೂ ಮಾತಾಡಲಿಲ್ಲ. ಬಾಗಲಕೋಟೆಯಿಂದ ಬಂದಿದ್ದ ಸಾಫ್ಟ್‌ವೇರ್ ಹುಡುಗಿ, ಗಿರಾಕಿ ಸೀರೆ ಬದಲಿಸಲು ಬಂದರೆ ಪರದೆಯ ಮೇಲೆ ಕಾರಣ ಆರಿಸಬೇಕು ಎಂದು ತನ್ನ ಕಾರಣಗಳನ್ನು ತೋರಿಸಿದಳು: ಹರಿದಿದೆ, ಕಲೆಯಾಗಿದೆ, ಅಳತೆ ಸರಿಯಿಲ್ಲ. ಸೀರೆಗೆ ಎಲ್ಲಿಯ ಅಳತೆ? ನಾನು ಕರದಂಟು ನುಂಗಿ ಪಾಠ ಶುರುಮಾಡಿದೆ. ನಮ್ಮಲ್ಲಿ ವಾಪಸು ಬರುವುದು ಅತ್ತೆಗೆ ಬಣ್ಣ ಸೇರದ ಸೀರೆ, ಬೀಗರು ಮುಖ ಸಿಂಡರಿಸಿದ ಸೀರೆ, ವಾರಗಿತ್ತಿಗೂ ಅಂಥದ್ದೇ ಬಂದುಬಿಟ್ಟ ಸೀರೆ. ಹುಡುಗಿ ಶ್ರದ್ಧೆಯಿಂದ ಎಲ್ಲವನ್ನೂ ಟೈಪ್ ಮಾಡಿಕೊಂಡಳು.

ಪಕ್ಕದ ಗಾದಿಯಲ್ಲಿ ಮಾರುವ ಶಾಂತಕ್ಕ, "ಗಂಡ ಆರಿಸಿದ್ದು ಅಂತನೂ ಒಂದು ಹಾಕವ್ವಾ" ಎಂದಳು.

"ಅದೂ ಒಂದ್ ಕಾರಣ ಏನ್ ಶಾಂತಕ್ಕ?" ಎಂದೆ ನಾನು.

"ಇರ್ಲಿ ಬಿಡೋ ತಮ್ಮಾ. ಯಾರಿಗರ ಬೇಕಾಗ್ತೈತಿ."

ಹುಡುಗಿ ಅದನ್ನೂ ಕೊನೆಯ ಸಾಲಾಗಿ ಸೇರಿಸಿದಳು. ಸೋತೆನಲ್ಲ ಎಂಬ ಸಿಟ್ಟಿಗೆ ನಾನು ಇನ್ನೊಂದು ಸಲಹೆ ಕೊಟ್ಟೆ: ಸೀರೆ ಮಾರಿದವರೇ ಬಂದು ಗಿರಾಕಿ ಆರಿಸಿದ ಕಾರಣಕ್ಕೆ 'ಒಪ್ಪಿದೆ' ಎಂದು ಒತ್ತಬೇಕು, ಇಲ್ಲದಿದ್ದರೆ ಬದಲಿ ಆಗಬಾರದು. ಸಾಹುಕಾರರು ತಲೆದೂಗಿದರು. ನನಗೆ ಬಹಳ ಸಂತೋಷವಾಯಿತು.

ಹೋದ ತಿಂಗಳು ನಮ್ಮ ಮದುವೆಯಾದ ದಿನ ಬಂತು. ಹೆಂಡತಿಗೆಂದು ದಾಳಿಂಬೆ ಬಣ್ಣದ ಸೀರೆಯೊಂದನ್ನು ನಾನೇ ಆರಿಸಿ, ನಾನೇ ಬಿಲ್ ಮಾಡಿ ಒಯ್ದೆ. "ಅಣ್ಣಾ, ನನಗ ಯಾವ್ದು ಒಪ್ತೈತಿ?" ಎಂದು ಊರ ಹೆಂಗಸರು ಕೇಳುವ ಮನುಷ್ಯ ನಾನು, ನನ್ನ ಗಾದಿಗೆ ಗಿರಾಕಿ ಬರುವುದೇ ಆ ಹೆಸರಿನಿಂದ. ಮರುದಿನ ಅಂಗಡಿ ತುಂಬಿದ್ದ ಹೊತ್ತಿನಲ್ಲಿ ಹೆಂಡತಿ ಚೀಲ ಹಿಡಿದು ಬಂದವಳು ನೇರ ಶಾಂತಕ್ಕನ ಹತ್ತಿರ ಹೋದಳು.

"ಇದನ್ನ ಬದಲಿ ಮಾಡ್ಬೇಕಾಗಿತ್ರಿ."

ಶಾಂತಕ್ಕ ಪರದೆಯನ್ನು ಅವಳ ಕಡೆ ತಿರುಗಿಸಿದಳು. ನಾನು ಹೇಳಿ ಬರೆಸಿದ ಕಾರಣಗಳನ್ನೆಲ್ಲ ಅವಳು ನಿಧಾನಕ್ಕೆ ಓದಿದಳು. "ಅತ್ತಿಯವ್ರದೇನೂ ತಕರಾರಿಲ್ಲ. ಬೀಗರೂ ಅಲ್ಲ." ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲೈತಿ ನೋಡ್ರಿ. ಭಾಳ ವಿಚಾರ ಮಾಡಿ ಮಾಡೀರಿ ಇದನ್ನ."

ಕಂಪ್ಯೂಟರ್ ಈಗ ಸೀರೆ ಮಾರಿದವನ, ಅಂದರೆ ನನ್ನ, ಒಪ್ಪಿಗೆಗಾಗಿ ಕಾಯುತ್ತಿತ್ತು. ಎಲ್ಲರೂ ನೋಡುತ್ತಿದ್ದಂತೆ ಎದ್ದು ಹೋಗಿ 'ಒಪ್ಪಿದೆ' ಒತ್ತಿದೆ. ಹೆಂಡತಿ ಬೇರೆ ಸೀರೆ ಆರಿಸಲು ಶಾಂತಕ್ಕನ ಗಾದಿಯ ಮುಂದೆ ಕೂತಳು. ನನ್ನ ಮುಂದಿದ್ದ ಗಿರಾಕಿಗಳೂ ಮೆಲ್ಲಗೆ ಎದ್ದು ಅವಳ ಪಕ್ಕ ಹೋಗಿ ಕೂತರು.